ತೂಬು ಎತ್ತಿದವರು ಯಾರು?

ಹೋದ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ನಮ್ಮ ತಾತನಿಗೆ ಓದಿ ಹೇಳುತ್ತಿದ್ದೆ. ನಮ್ಮದು ಮುಳಬಾಗಿಲು ತಾಲೂಕಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ತಾತನಿಗೆ ಅಕ್ಷರ ಬರುವುದಿಲ್ಲ. ಮನೆಮಾತು ತೆಲುಗು. ಕನ್ನಡ ತಿಳಿಯುತ್ತದೆ, ಆದರೆ ಪುಸ್ತಕದ ಕನ್ನಡ ಅಂದ್ರೆ ಅವನಿಗೆ ಕೋರ್ಟಿನ ಕಾಗದ ಓದಿದಂಗೆ. ಹಾಗಾಗಿ ಒಂದು ಪುಟ ಓದಿ, ಅದನ್ನು ತೆಲುಗಿನಲ್ಲಿ ಬಿಡಿಸಿ ಹೇಳಬೇಕಿತ್ತು. ಹೈದರನ ದಂಡು ಚಿತ್ರದುರ್ಗಕ್ಕೆ ಮುತ್ತಿಗೆ ಹಾಕಿದ ಭಾಗ ಬಂತು. ತಾತ ಬೀಡಿ ಆರಿಸಿ ಕೇಳಿದ: “ಮರಿ ತೂಮು ಎವರು ಎತ್ತಿನಾರುರಾ?” ಅಷ್ಟು ದಿನ ಮುತ್ತಿಗೆ ನಡೆದರೆ ಕೆರೆಯ ತೂಬು ಯಾರು ಎತ್ತಿದರು, ಗದ್ದೆಗೆ ನೀರು ಯಾರು ಬಿಟ್ಟರು ಅಂತ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂ.ಎ. ಓದುವಾಗ ಐತಿಹಾಸಿಕ ಕಾದಂಬರಿಯ ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದೆ. ಆ ಪಟ್ಟಿಯಲ್ಲಿ ತೂಬು ಇರಲಿಲ್ಲ.

ನನ್ನ ತಾತ ನೀರುಗಂಟಿ. ಅವನಪ್ಪನೂ ನೀರುಗಂಟಿ. ಕೋಲಾರ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ವರ್ಷವಿಡೀ ಹರಿಯುವ ಹೊಳೆ ನಮ್ಮಲ್ಲಿಲ್ಲ. ಪಾಲಾರ್ ಇದೆ, ಪಿನಾಕಿನಿ ಇದೆ, ಹೆಚ್ಚು ದಿನ ಅವು ಬರೀ ಮರಳು. ಕೆರೆ ಕಟ್ಟಿ ಬದುಕಿದ ಜನ ನಾವು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚೆ ಈ ಜಿಲ್ಲೆಯಲ್ಲಿ 4,000ಕ್ಕೂ ಮಿಕ್ಕಿ ಕೆರೆಗಳಿದ್ದವು. ಏರಿಯನ್ನು ಕಾಯುವುದು, ತೂಬು ಎತ್ತಿ ಇಳಿಸುವುದು, ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು ನೀರುಗಂಟಿಯ ಕೆಲಸ. ನಮ್ಮ ಕಡೆ ಈ ಕೆಲಸ ಬಹುಪಾಲು ಹೊಲೆಮಾದಿಗರದು. ಮಳೆಯ ರಾತ್ರಿ ಊರೆಲ್ಲ ಮಲಗಿದ್ದಾಗ ಏರಿ ಮೇಲೆ ಕಂದೀಲು ಹಿಡಿದು ನಿಂತೋನು ಅವನು. ಊರಿನ ಹೊಟ್ಟೆಗೆ ನೀರು ಹಂಚಿದ ಅದೇ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಈ ಒಂದು ಸಂಗತಿಯೊಳಗೆ ಒಂದು ಕಾದಂಬರಿಗೆ ಸಾಕಾಗುವಷ್ಟು ಚರಿತ್ರೆ ಇಲ್ಲವೇ?

ಈ ಪ್ರಶ್ನೆಯನ್ನು ಇಟ್ಟುಕೊಂಡೇ ಈಚಿನ ಹೊಸ ‘ಸ್ವತಂತ್ರ’ ಕಾದಂಬರಿಗಳ ಬಗ್ಗೆ ನನ್ನ ತಕರಾರನ್ನು ಹೇಳುತ್ತೇನೆ.

ಸ್ವತಂತ್ರ ಅಂದ್ರೆ ಯಾರಿಂದ ಸ್ವತಂತ್ರ? ಕನ್ನಡ ವಿಮರ್ಶೆಯಲ್ಲಿ ಈ ಪದಕ್ಕೆ ಮೊದಲಿದ್ದ ಅರ್ಥವೇ ಬೇರೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ, ಗಳಗನಾಥರು ಮರಾಠಿಯಿಂದ ಕಾದಂಬರಿಗಳನ್ನು ತಂದು ಓದುಗರನ್ನು ಬೆಳೆಸಿದ ಕಾಲವದು. ಅನುವಾದವಲ್ಲದ್ದು ಸ್ವತಂತ್ರ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನುವುದು ಈ ಅರ್ಥದಲ್ಲೇ. ಇವತ್ತು ಸ್ವತಂತ್ರ ಎಂದರೆ ಪ್ರಕಾಶಕನ ಹಂಗಿಲ್ಲದ್ದು. ಬರೆದವನೇ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಸಾಲ ಮಾಡಿಯೋ ಸಂಬಳ ಉಳಿಸಿಯೋ ಕೆಲವು ನೂರು ಪ್ರತಿ ಹಾಕಿಸುತ್ತಾನೆ. ಬೇಕಾದಷ್ಟೇ ಪ್ರತಿ ಅಚ್ಚು ಹಾಕುವ ಯಂತ್ರ ಬಂದ ಮೇಲೆ ಇದು ಇನ್ನೂ ಸಲೀಸಾಗಿದೆ. ಇದು ಸಣ್ಣ ವಿಷಯವಲ್ಲ. ನಮ್ಮ ಹುಡುಗರ ಹಸ್ತಪ್ರತಿಯನ್ನು ಓದದೆ ವಾಪಸು ಕಳಿಸುತ್ತಿದ್ದ ಬಾಗಿಲನ್ನು ಈಗ ತಟ್ಟಲೇಬೇಕೆಂದಿಲ್ಲ.

ಸ್ವಂತ ಪ್ರಕಟಣೆ ಹೊಸದೂ ಅಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ಮಾಸ್ತಿಯವರ ಪುಸ್ತಕಗಳು ಅವರದೇ ಜೀವನ ಕಾರ್ಯಾಲಯದಿಂದ ಬಂದವು. ನಮ್ಮ ಕಾಲದಲ್ಲಿ ವಸುಧೇಂದ್ರ ತಾವೇ ಕಟ್ಟಿದ ಛಂದ ಪುಸ್ತಕದಿಂದ 2019ರಲ್ಲಿ ‘ತೇಜೋ ತುಂಗಭದ್ರಾ’ ತಂದರು, ಓದುಗರು ಮುಗಿಬಿದ್ದು ಕೊಂಡರು. ವಿಜಯನಗರದ ಕಾಲವನ್ನು ಎತ್ತಿಕೊಂಡೂ ಅರಸರನ್ನು ಹಿಂದಕ್ಕೆ ಸರಿಸಿ, ಧರ್ಮ ಮತ್ತು ಸಾಮ್ರಾಜ್ಯಗಳ ನಡುವೆ ನುಚ್ಚಾದ ಸಾಮಾನ್ಯರನ್ನು ಮುಂದೆ ನಿಲ್ಲಿಸಿದ ಕಾದಂಬರಿ ಅದು. ಅಂದರೆ ಹಣದ ಸ್ವಾತಂತ್ರ್ಯ, ಕಣ್ಣಿನ ಸ್ವಾತಂತ್ರ್ಯ ಎರಡೂ ಒಟ್ಟಿಗೆ ಸಾಧ್ಯ.

ಆದರೆ ಎರಡೂ ಒಂದೇ ಅಲ್ಲ. ನನ್ನ ತಕರಾರು ಇರುವುದು ಇಲ್ಲೇ. ಪ್ರಕಾಶಕನಿಂದ ಬಿಡಿಸಿಕೊಂಡವನು ಕೋಟೆಯಿಂದ ಬಿಡಿಸಿಕೊಂಡಿಲ್ಲ. ಸ್ವಂತ ದುಡ್ಡಿನಲ್ಲಿ ಅಚ್ಚಾಗಿ ನನ್ನ ಕೈಗೆ ಬರುವ ಐತಿಹಾಸಿಕ ಕಾದಂಬರಿಗಳಲ್ಲಿ ಹೆಚ್ಚಿನವು ಇವತ್ತಿಗೂ ಕೋಟೆಯ ಬುರುಜಿನ ಮೇಲೆ ನಿಂತೇ ನಾಡನ್ನು ನೋಡುತ್ತವೆ. ಮೇಲಿನಿಂದ ನೋಡಿದರೆ ಗದ್ದೆ ಹಸಿರಾಗಿ ಕಾಣುತ್ತದೆ. ನೀರು ಹಾಯಿಸಿದವನು ಕಾಣುವುದಿಲ್ಲ.

ನಮ್ಮ ಜಿಲ್ಲೆಯ ದೊಡ್ಡ ಲೇಖಕರಿಂದಲೇ ಶುರುಮಾಡೋಣ. ಮಾಸ್ತಿ ಹುಟ್ಟಿದ್ದು 1891ರಲ್ಲಿ ಮಾಲೂರು ತಾಲೂಕಿನ ಹೊಂಗೇನಹಳ್ಳಿಯಲ್ಲಿ. 1956ರ ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಬಂತು. ಕೊಡಗಿನ ಕೊನೆಯ ಅರಸನ ಪತನವನ್ನು ಮಾಸ್ತಿ ಹೊಗಳುಭಟರಂತೆ ಬರೆಯಲಿಲ್ಲ. ರಾಜ ಕೆಟ್ಟರೆ ನಾಡು ಹೇಗೆ ಪರರ ಪಾಲಾಗುತ್ತದೆ ಎಂಬುದನ್ನು ನಿರ್ದಾಕ್ಷಿಣ್ಯವಾಗಿ ತೋರಿಸಿದರು. ಇದನ್ನು ಒಪ್ಪದೆ ಮಾಸ್ತಿಯವರನ್ನು ಬೈಯುವುದು ಸೋಮಾರಿತನ. ಆದರೆ ಕುಂಟ ಬಸವನನ್ನು ನೋಡಿ. ಅರಮನೆಯ ನಾಯಿಗಳ ನಡುವೆ ಬೆಳೆದವನು, ಕ್ಷೌರಿಕನ ಮನೆಯವನೆನಿಸಿಕೊಂಡವನು, ಮಂತ್ರಿಯ ಪದವಿಗೆ ಏರುತ್ತಾನೆ. ಕೆಳಗಿನಿಂದ ಬಂದ ಒಬ್ಬ ಮನುಷ್ಯ ಅಧಿಕಾರದ ನಡುಮನೆಯಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಅಂತ ನಾವು ಕಾತರದಿಂದ ನೋಡುತ್ತಿರುವಾಗ, ಅವನು ರಾಜರಕ್ತದವನೇ ಎಂಬ ಗುಟ್ಟು ಬಿಚ್ಚಿಕೊಳ್ಳುತ್ತದೆ. ಆ ಕ್ಷಣಕ್ಕೆ ಕೆಳಗಿನವನು ಕಾದಂಬರಿಯಿಂದ ಹೊರಗೆ ಹೋದ ಹಾಗಾಯಿತು. ರಕ್ತದ ಪುರಾವೆ ಇಲ್ಲದೆ ಅವನಿಗೆ ಚರಿತ್ರೆಯಲ್ಲಿ ಜಾಗ ಇಲ್ಲವೇ?

ಈಗ ನಮ್ಮವರ ಕಡೆ ಬರುತ್ತೇನೆ. ಇದು ಹೇಳಲು ಕಷ್ಟದ ಮಾತು. ನಮ್ಮ ಕೇರಿಗಳಿಂದ ಬಂದ ಹೊಸ ಬರಹಗಾರರೂ ಇದೇ ರಕ್ತದ ಪುರಾವೆಯನ್ನು ಹುಡುಕುತ್ತಿದ್ದಾರೆ. ನಮ್ಮಲ್ಲೂ ರಾಜರಿದ್ದರು, ನಮ್ಮಲ್ಲೂ ಪಾಳೆಯಗಾರರಿದ್ದರು ಎಂದು ಸಾಧಿಸುವುದಕ್ಕೇ ಕಾದಂಬರಿ ಮುಗಿದುಹೋಗುತ್ತದೆ. ಆ ಹಸಿವು ನನಗೆ ಗೊತ್ತು. ‘ನಿನಗೆ ಚರಿತ್ರೆಯೇ ಇಲ್ಲ’ ಅಂತ ಹೇಳಿಸಿಕೊಂಡ ಮಗು ಮೊದಲು ಕೇಳುವುದು ಕಿರೀಟವನ್ನೇ. 1818ರ ಕೋರೆಗಾಂವ್ ನಮಗೆ ಬೇಕು, ಓಬವ್ವ ನಮಗೆ ಬೇಕು. 1972ರ ‘ನಾಗರಹಾವು’ ಸಿನಿಮಾ ಬಂದ ಮೇಲೆ ಒನಕೆ ಹಿಡಿದ ಓಬವ್ವನನ್ನು ನೋಡದ ಕನ್ನಡಿಗನಿಲ್ಲ. ಆದರೆ ಛಲವಾದಿಗಳ ಆ ಹೆಣ್ಣುಮಗಳು ಅವತ್ತು ಕೊಡ ಹಿಡಿದು ನೀರಿಗೆ ಹೊರಟಿದ್ದಳು ಎನ್ನುವುದೂ ಅದೇ ಕತೆಯಲ್ಲೇ ಇದೆ. ಒನಕೆ ಎಲ್ಲರ ನೆನಪಿನಲ್ಲೂ ಉಳಿಯಿತು, ಕೊಡ ಮರೆತುಹೋಯಿತು. ಮಿಕ್ಕ ದಿನಗಳಲ್ಲಿ ಅವಳು ಎಲ್ಲಿ ನೀರು ತರುತ್ತಿದ್ದಳು, ಯಾವ ಬಾವಿ ಅವಳಿಗೆ ಮುಚ್ಚಿತ್ತು ಎಂದು ಕೇಳುವವನೇ ನಿಜವಾದ ಹೊಸ ಕಾದಂಬರಿಕಾರ. ಕಿರೀಟವನ್ನು ಒಂದು ತಲೆಯಿಂದ ತೆಗೆದು ಇನ್ನೊಂದು ತಲೆಗೆ ಇಟ್ಟರೆ, ಪಲ್ಲಕ್ಕಿ ಹೊರುವವರ ಭುಜ ಹಗುರಾಗುವುದಿಲ್ಲ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದಾಗ ರಾಜ್ಯವೇ ಹೊತ್ತಿ ಉರಿಯಿತು. ಅವರು ಮಂತ್ರಿ ಪದವಿಯನ್ನೇ ಕಳೆದುಕೊಂಡರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಹೊತ್ತಿಗೆ ಕಾಳು ಯಾವುದು, ಬೂಸಾ ಯಾವುದು ಅಂತ ಕೇರುವ ಮೊರ ನಮ್ಮ ಕೈಗೆ ಬಂದಿತ್ತು. ಆ ಮೊರದಲ್ಲಿ ನಮ್ಮದನ್ನೂ ಹಾಕಿ ಕೇರದಿದ್ದರೆ ಅದನ್ನು ಹಿಡಿಯುವ ಹಕ್ಕು ನಮಗಿಲ್ಲ.

‘ನಮ್ಮ ಜನರ ಚರಿತ್ರೆಗೆ ದಾಖಲೆ ಎಲ್ಲಿದೆ?’ ಎಂದು ಗೆಳೆಯರು ಕೇಳುತ್ತಾರೆ. ಇದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ, 1905ರದ್ದು, ಪೂರ್ತಿ ಕೋಲಾರ ಜಿಲ್ಲೆಯದೇ. ತಾಲೂಕುವಾರು, ಊರುವಾರು ಶಾಸನಗಳಿವೆ. ತುರು ಕಾಯುತ್ತಾ ಸತ್ತವರ ವೀರಗಲ್ಲುಗಳಿವೆ. ಕೆರೆ ಕಟ್ಟಿಸಿದವರಿಗೆ ಬಿಟ್ಟ ಭೂಮಿಯ ಲೆಕ್ಕವಿದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ, ಮಣ್ಣು ಹೊತ್ತವನ ಹೆಸರಿಲ್ಲ. ಆ ಇಲ್ಲದಿರುವಿಕೆಯೂ ದಾಖಲೆಯೇ. ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳಿವೆ. ಅದೇ ಚೋಳರು ತಂಜಾವೂರಿನ ದೊಡ್ಡ ಗುಡಿಯ ಗೋಡೆಯಲ್ಲಿ, ತೆರಿಗೆಯಿಲ್ಲದ ನೆಲಗಳ ಪಟ್ಟಿಯಲ್ಲಿ, ‘ಪರೈಚ್ಚೇರಿ’ಯನ್ನೂ ‘ತೀಂಡಾಚ್ಚೇರಿ’ಯನ್ನೂ ಕೊರೆಸಿದ್ದಾರೆ. ಹೊಲೆಯರ ಕೇರಿ, ಮುಟ್ಟಬಾರದವರ ಕೇರಿ. ಸಾವಿರ ವರ್ಷದ ಹಿಂದೆಯೇ ಅಸ್ಪೃಶ್ಯತೆಗೆ ಕಲ್ಲಿನ ಸಾಕ್ಷಿ ಇದೆ. ಗುಡಿಯ ಶಿಲ್ಪವನ್ನು ವರ್ಣಿಸುವ ಕಾದಂಬರಿಕಾರ ಆ ಸಾಲಿನ ಮುಂದೆ ಯಾಕೆ ನಿಲ್ಲುವುದಿಲ್ಲ?

ಇಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ತಾಲೂಕು ಕಚೇರಿಗೆ ಹೋಗಿ. ತೋಟಿ, ತಳವಾರ, ನೀರುಗಂಟಿಗಳ ಇನಾಂ ಜಮೀನಿನ ಕಡತಗಳಿವೆ. 1961ರ ಕಾಯ್ದೆ ಈ ಹುದ್ದೆಗಳನ್ನು ರದ್ದು ಮಾಡಿತು. ಜಮೀನು ಕಾಗದದಲ್ಲಿ ನಮ್ಮವರ ಹೆಸರಿಗೆ ಬಂದು, ಮದುವೆ ಸಾಲಕ್ಕೋ ಒಂದು ಮೂಟೆ ರಾಗಿಗೋ ಬೇರೆಯವರ ಪಾಲಾಯಿತು. ಪರಭಾರೆಯಾದ ಭೂಮಿ ವಾಪಸು ಕೊಡಿಸಲು 1978ರ ಕಾಯ್ದೆ ಬಂತು. ತಡವಾಗಿ ಅರ್ಜಿ ಹಾಕಿದಿರಿ ಎಂದು ಕೋರ್ಟುಗಳು ತಳ್ಳಿಹಾಕತೊಡಗಿದ ಮೇಲೆ 2023ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಒಂದು ಎಕರೆ ಗದ್ದೆ ಮೂರು ತಲೆಮಾರಿನ ಕೈಯಲ್ಲಿ ಹೋಗಿ ಬಂದು ಹೋಗುವ ಕತೆ ಇದು. ಐತಿಹಾಸಿಕ ಕಾದಂಬರಿಗೆ ಇನ್ನೇನು ಬೇಕು?

ನಮ್ಮಲ್ಲಿ ಚರಿತ್ರೆ ಮುಗಿದುಹೋದದ್ದೂ ಅಲ್ಲ. ಮಾಸ್ತಿಯವರ ಮಾಲೂರು ತಾಲೂಕಿನಲ್ಲೇ, ಉಳ್ಳೇರಹಳ್ಳಿಯಲ್ಲಿ, 2022ರಲ್ಲಿ ದಲಿತರ ಹುಡುಗನೊಬ್ಬ ದೇವರ ಮೆರವಣಿಗೆಯ ಕೋಲು ಮುಟ್ಟಿದನೆಂದು ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ತಂಜಾವೂರಿನ ಕಲ್ಲಿನ ‘ತೀಂಡಾಚ್ಚೇರಿ’ಗೂ ಈ ಕೋಲಿಗೂ ನಡುವೆ ಇರುವ ದಾರಿಯನ್ನು ಬರೆಯುವುದೇ ಐತಿಹಾಸಿಕ ಕಾದಂಬರಿಯ ಕೆಲಸ.

ಇದು ಆಗದ ಕೆಲಸವೇನಲ್ಲ. ದೇವನೂರ ಮಹಾದೇವ ‘ಒಡಲಾಳ’ದಲ್ಲಿ ಸಾಕವ್ವನ ಒಂದು ಕಳೆದುಹೋದ ಹುಂಜದಿಂದ ಇಡೀ ವ್ಯವಸ್ಥೆಯನ್ನು ತೋರಿಸಿದರು. 1984ರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತನ್ನೇ ಕಾದಂಬರಿಯ ಭಾಷೆ ಮಾಡಿತು. ಕುಂ. ವೀರಭದ್ರಪ್ಪನವರು ‘ಅರಮನೆ’ ಎಂದು ಹೆಸರಿಟ್ಟೇ ಅರಮನೆಯ ಸುಣ್ಣ ಉದುರಿಸಿದರು. ದಾರಿ ಇದೆ. ನಮ್ಮ ಸೀಮೆಯಿಂದ ಆ ದಾರಿಯಲ್ಲಿ ನಡೆದವರು ಕಡಿಮೆ. ಅದಕ್ಕೆ ಭಾಷೆಯ ಅಂಜಿಕೆಯೂ ಒಂದು ಕಾರಣ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಾವು ಮನೆಯಲ್ಲಿ ತೆಲುಗು ಆಡಿ, ಇಸ್ಕೂಲಿನಲ್ಲಿ ಕನ್ನಡ ಕಲಿತವರು. ಬರೆಯಲು ಕೂತರೆ ಪಠ್ಯಪುಸ್ತಕದ ಕನ್ನಡವೇ ಬರುತ್ತದೆ, ಅದರ ಹಿಂದೆಯೇ ಪಠ್ಯಪುಸ್ತಕದ ರಾಜರೂ ಬರುತ್ತಾರೆ. ತೆಲುಗು ಬೆರೆತ ನಮ್ಮ ಕನ್ನಡದಲ್ಲಿ ಬರೆದರೆ ಕನ್ನಡ ಬಡವಾಗುವುದಿಲ್ಲ.

ನನ್ನ ಮೇಲೆ ನಾನೇ ಆರೋಪ ಹೊರಿಸಿಕೊಳ್ಳುತ್ತೇನೆ. ತಾತನ ಪ್ರಶ್ನೆ ಕೇಳಿದ ಮೇಲೆ ನಾನೂ ಒಂದು ಕಾದಂಬರಿ ಶುರುಮಾಡಿದೆ. 1768ರ ಅಕ್ಟೋಬರಿನಲ್ಲಿ ಮುಳಬಾಗಿಲ ಹತ್ತಿರ ಹೈದರನ ದಂಡಿಗೂ ಇಂಗ್ಲಿಷರ ದಂಡಿಗೂ ಕಾಳಗ ನಡೆಯಿತು. ಅಕ್ಟೋಬರ್ ಅಂದ್ರೆ ನಮ್ಮ ಕಡೆ ಕೆರೆ ತುಂಬೋ ಕಾಲ. ಎರಡು ದಂಡು ತುಳಿದಾಡುವಾಗ ಆ ಕೆರೆಗಳ ತೂಬಿನ ಹತ್ತಿರ ಯಾರಿದ್ದರು ಅಂತ ಬರೆಯಹೊರಟೆ. ಎರಡನೇ ಅಧ್ಯಾಯಕ್ಕೇ ಒಬ್ಬ ಪಾಳೆಯಗಾರ ಕುದುರೆ ಏರಿ ಬಂದುಬಿಟ್ಟ! ನಾನು ಕರೆದಿರಲಿಲ್ಲ. ಓದಿದ ಕಾದಂಬರಿಗಳೆಲ್ಲ ಸೇರಿ ಅವನನ್ನು ನನ್ನ ತಲೆಯೊಳಗೆ ಕಟ್ಟಿಹಾಕಿದ್ದವು. ಆ ಹಾಳೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಕವಿತೆ ಬರೆಯುವವನ ಉಸಿರು ಚಿಕ್ಕದು, ನನ್ನಿಂದ ಆಗುತ್ತದೋ ಇಲ್ಲವೋ.

ಅದಕ್ಕೇ ಸಂಗಾತಿಗಳಲ್ಲಿ, ಹಳ್ಳಿಯ ಮೇಷ್ಟ್ರುಗಳಲ್ಲಿ ಕೇಳುತ್ತೇನೆ. ನಿಮ್ಮೂರಿನ ಮುದುಕ ನೀರುಗಂಟಿಯ ಪಕ್ಕ ಕೂತು ತೂಬು, ಕೋಡಿ, ಸರದಿ, ಜಗಳ ಎಲ್ಲವನ್ನೂ ಬರೆದುಕೊಳ್ಳಿ. ನೂರಾರು ಅಡಿ ಕೊರೆದ ಬೋರ್‌ವೆಲ್ಲುಗಳು ಅವರ ಕೆಲಸವನ್ನು ನುಂಗಿವೆ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದೆ, ತೂಬಿನ ಲೆಕ್ಕ ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅದನ್ನು ಕಾದಂಬರಿ ಮಾಡಿ. ನೂರೇ ಪ್ರತಿ ಹಾಕಿಸಿ. ಬಿಡುಗಡೆಗೆ ಮಂತ್ರಿ ಬೇಡ, ಬೆನ್ನುಡಿಗೆ ದೊಡ್ಡ ಹೆಸರು ಬೇಡ. ಮೊದಲು ಕೇರಿಯಲ್ಲಿ ಕೂತು ಗಟ್ಟಿಯಾಗಿ ಓದಿ.

ಬರೋ ಬೇಸಗೆಗೆ ಊರಿಗೆ ಹೋಗುವಾಗ ತಾತನಿಗೆ ಓದಿ ಹೇಳಲು ನನಗೊಂದು ಪುಸ್ತಕ ಬೇಕು. ಅವನಿಗೆ ವಯಸ್ಸಾಗಿದೆ. ಬೇಗ ಬರೀರಿ.