ಪಟೇಲಿಕೆ ಹೋಯಿತು, ಪಟೇಲ್ ಉಳಿಯಿತು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಅಡ್ಡಹೆಸರಿನ ರೂಢಿ ಕಡಿಮೆ. ಊರಿನದೊಂದು, ತಂದೆಯದೊಂದು ಇನಿಷಿಯಲ್ ಇದ್ದರೆ ಸಾಕು. ಆದರೂ ಕೆಲವು ಮನೆತನಗಳಲ್ಲಿ ‘ಪಟೇಲ್’ ಎಂಬ ಹುದ್ದೆ ಹೆಸರಿಗೆ ಅಂಟಿಕೊಂಡು ಮೊಮ್ಮಕ್ಕಳವರೆಗೂ ಬಂದಿದೆ. ಈ ರೂಢಿ ಮುಂದುವರಿಯಬೇಕೇ?

ಪಟೇಲಿಕೆಯನ್ನು ಹುಟ್ಟಿಸಿದವರು ಇಂಗ್ಲಿಷರಲ್ಲ. ಕಂದಾಯ ಎತ್ತುವ ಗೌಡ ಅಂದರೆ ಪಟೇಲ, ಲೆಕ್ಕ ಬರೆಯುವ ಶಾನುಭೋಗ ಅವರಿಗಿಂತ ಹಳಬರು. ಆದರೆ 1831ರಿಂದ 1881ರವರೆಗೆ ಮೈಸೂರನ್ನು ಆಳಿದ ಕಮಿಷನರುಗಳಿಗೆ ಹಳ್ಳಿಯ ಕಂದಾಯ ಕೈಸೇರಲು ಇವರೇ ಬೇಕಾಯಿತು. 1863ರಲ್ಲಿ ಬೊಂಬಾಯಿ ಮಾದರಿಯ ಸರ್ವೆ ಶುರುವಾಯಿತು. 1908ರ ಗ್ರಾಮ ಹುದ್ದೆಗಳ ಕಾಯಿದೆ ವಂಶದ ಹಕ್ಕಿಗೆ ಕಾನೂನಿನ ಬಲ ಕೊಟ್ಟಿತು. ಮನೆತನದ ಹೆಮ್ಮೆಯೆಂದು ನಾವು ಕಾಣುವುದರ ಹಿಂದೆ ಪರರ ಸರ್ಕಾರದ ಕಂದಾಯ ವಸೂಲಿಯೂ ಇದೆ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಪಟೇಲ, ಶಾನುಭೋಗರ ಜೊತೆಗೇ ತೋಟಿ, ತಳವಾರ, ನೀರುಗಂಟಿಯ ಹುದ್ದೆಗಳೂ ಹೋದವು. ಕೆರೆಯ ತೂಬು ಎತ್ತಿ ಸರದಿ ತಪ್ಪದಂತೆ ಗದ್ದೆಗೆ ನೀರು ಹಾಯಿಸಿದವನು ನೀರುಗಂಟಿ. ಮನೆಮನೆಗೆ ಹೋಗಿ ಜನರನ್ನು ಚಾವಡಿಗೆ ಕರೆತಂದವನು ತೋಟಿ. ಅವರಿಲ್ಲದೆ ಪಟೇಲರ ಮಾತು ಒಂದು ದಿನವೂ ನಡೆಯುತ್ತಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ತಳವಾರ ಅಡ್ಡಹೆಸರಾಗಿ ಉಳಿದಿದೆ, ಸಂತೋಷ. ನಮ್ಮ ಕಡೆ ತೋಟಿ ಎಂದು ಹೆಸರಿಗೆ ಸೇರಿಸಿಕೊಂಡವರನ್ನು ನಾನು ಕಂಡಿಲ್ಲ. ಆ ಕೆಲಸದ ಜೊತೆ ಬಂದದ್ದು ಜಾತಿಯ ಅವಮಾನ. ಅದನ್ನು ಯಾರು ತಾನೇ ಮಕ್ಕಳಿಗೆ ಬಿಟ್ಟುಹೋಗುತ್ತಾರೆ? ಒಂದೇ ದಿನ ರದ್ದಾದ ಹುದ್ದೆಗಳಲ್ಲಿ ಮೇಲಿನವು ಮಾತ್ರ ಗೌರವವಾಗಿ ಉಳಿದವು. ನನ್ನ ಮುಖ್ಯ ತಕರಾರು ಇದೇ.

ಪಟೇಲ್ ಎಂಬ ಹೆಸರಿಗೆ ಗೌರವ ತಂದವರೂ ಇದ್ದಾರಲ್ಲ ಎನ್ನಬಹುದು. ಅಜ್ಜಂಪುರದ ನೆರೆಯ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು ಜೆ.ಎಚ್. ಪಟೇಲ್. ಸಮಾಜವಾದಿಯಾಗಿ ಬೆಳೆದು, 1967ರಲ್ಲಿ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ, 1996ರಲ್ಲಿ ಮುಖ್ಯಮಂತ್ರಿಯಾದರು. ಆ ಹೆಸರಿಗೆ ಹೊಸ ಗೌರವ ತಂದದ್ದು ಅವರ ರಾಜಕಾರಣ, ಮನೆತನದ ಹಳೆಯ ಅಧಿಕಾರವಲ್ಲ.

ಹುದ್ದೆಯ ಬದಲು ಊರನ್ನು ಹೆಸರಿಗೆ ಸೇರಿಸಿಕೊಂಡವರೂ ನಮ್ಮ ಸೀಮೆಯಲ್ಲಿದ್ದಾರೆ. ‘ನಾನು ಕೊಂದ ಹುಡುಗಿ’ ಕತೆ ಬರೆದ ಆನಂದರ ನಿಜ ಹೆಸರು ಅಜ್ಜಂಪುರ ಸೀತಾರಾಂ. ನಮ್ಮ ಕಾಲದ ದೊಡ್ಡ ವಿಮರ್ಶಕರು ರಹಮತ್ ತರೀಕೆರೆ. ಜಾತಿ, ಹುದ್ದೆ ಯಾವುದನ್ನೂ ಹೇಳದೆ ಈ ಹೆಸರುಗಳು ಮಣ್ಣನ್ನು ಹೇಳುತ್ತವೆ. ಊರಿನ ಹೆಸರು ಪಟೇಲರ ಮಗನಿಗೂ ತೋಟಿಯ ಮಗಳಿಗೂ ಸಮನಾಗಿ ಸಲ್ಲುತ್ತದೆ.

ಈಗಾಗಲೇ ಹೆಸರಿನಲ್ಲಿ ಪಟೇಲ್ ಇರುವವರು ದಾಖಲೆ ತಿದ್ದಿಸಬೇಕೆಂದು ನಾನು ಹೇಳುವುದಿಲ್ಲ. ಹೊಸದಾಗಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡುವಾಗ ಮಾತ್ರ ದಯವಿಟ್ಟು ಹುದ್ದೆ ಬಿಡಿ, ಊರು ಬರೆಸಿ.