ಯಕ್ಷೀಕಾಮುಕನ ವೀಣೆ: ಬೃಹತ್ಕಥಾಶ್ಲೋಕಸಂಗ್ರಹದ ಒಂದು ಪ್ರಕರಣದ ವಿಮರ್ಶೆ

ಗುಣಾಢ್ಯನ ಬೃಹತ್ಕಥೆಯು ಪೈಶಾಚೀ ಭಾಷೆಯ ಮೂಲರೂಪದಲ್ಲಿ ನಮಗೆ ಉಳಿದು ಬಂದಿಲ್ಲವೆಂಬುದೂ, ಅದರ ಸಾರವನ್ನು ಸೋಮದೇವ ಕ್ಷೇಮೇಂದ್ರರ ಗ್ರಂಥಗಳಿಂದಲೂ ಬುಧಸ್ವಾಮಿಯ ಶ್ಲೋಕಸಂಗ್ರಹದಿಂದಲೂ ಊಹಿಸಿಕೊಳ್ಳಬೇಕಾಗಿದೆಯೆಂಬುದೂ ವಾಚಕಮಹಾಶಯರಿಗೆ ತಿಳಿದೇ ಇದೆ. ಕನ್ನಡನಾಡಿಗೂ ಆ ಕಥೆಗೂ ಹಳೆಯ ನಂಟುಂಟು. ಗಂಗದೊರೆಯಾದ ದುರ್ವಿನೀತನು ವಡ್ಡಕಥೆಯನ್ನು ದೇವಭಾಷೆಗೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ಆ ಕೃತಿಯೂ ಈಗ ಇಲ್ಲ. ಉಳಿದವುಗಳಲ್ಲಿ ಕಥಾಸರಿತ್ಸಾಗರಕ್ಕೆ ದೊರೆತ ಮನ್ನಣೆ ಶ್ಲೋಕಸಂಗ್ರಹಕ್ಕೆ ದೊರೆತಿಲ್ಲ. ನೇಪಾಳದಲ್ಲಿ ದೊರೆತ ಇದರ ಪ್ರತಿಯ ವಿಷಯವನ್ನು 1893ರಲ್ಲಿ ಹರಪ್ರಸಾದ ಶಾಸ್ತ್ರಿಗಳು ಲೋಕಕ್ಕೆ ತಿಳಿಸಿದರು. ಫ್ರಾನ್ಸಿನ ವಿದ್ವಾಂಸ ಲಾಕೋತ್ 1908ರಿಂದ ಮೊದಲುಮಾಡಿ ಅದನ್ನು ಸಂಪಾದಿಸಿ ಪ್ರಕಟಿಸಿದನು. ಇಪ್ಪತ್ತೆಂಟು ಸರ್ಗಗಳು ಮಾತ್ರ ಸಿಕ್ಕಿವೆ, ಗ್ರಂಥವು ಅಪೂರ್ಣ. ಆದರೂ ಈ ತುಂಡಿನಲ್ಲಿಯೇ, ನಮ್ಮ ಅಭಿಪ್ರಾಯದಲ್ಲಿ, ಸಂಸ್ಕೃತ ಕಥಾಸಾಹಿತ್ಯದ ಅತ್ಯಂತ ಸೂಕ್ಷ್ಮವಾದ ಪಾತ್ರಚಿತ್ರಣಗಳಲ್ಲೊಂದು ಅಡಗಿದೆ. ಅದು ಹದಿನಾರನೆಯ ಮತ್ತು ಹದಿನೇಳನೆಯ ಸರ್ಗಗಳಲ್ಲಿರುವ ಗಂಧರ್ವದತ್ತೆಯ ಪ್ರಕರಣ.

ಕಥೆ ಹೀಗಿದೆ. ವತ್ಸರಾಜ ಉದಯನನ ಮಗನಾದ ನರವಾಹನದತ್ತನು ವಿದ್ಯಾಧರರ ವೈರದಿಂದ ಸ್ವದೇಶಕ್ಕೆ ದೂರನಾಗಿ, ಒಬ್ಬಂಟಿಯಾಗಿ, ತಾನೆಲ್ಲಿರುವೆನೆಂಬುದನ್ನೂ ಅರಿಯದೆ ಒಂದು ಉದ್ಯಾನವನ್ನು ಹೊಗುತ್ತಾನೆ. ಅಲ್ಲಿ ವೀಣೆಯನ್ನು ನುಡಿಸುತ್ತ ಕುಳಿತಿದ್ದ ನಾಗರಕನೊಬ್ಬನು ಇವನನ್ನು ಆದರದಿಂದ ಬರಮಾಡಿಕೊಳ್ಳುತ್ತಾನೆ. ಆತನ ಹೆಸರು ದತ್ತಕ. ವೀಣೆಯ ಹುಚ್ಚಿನಿಂದ ವೀಣಾದತ್ತಕನೆಂದೇ ಪ್ರಸಿದ್ಧನು. ಇದು ಯಾವ ದೇಶವೆಂದು ಅತಿಥಿಯು ಕೇಳಿದಾಗ ಅವನಿಗೆ ಆಶ್ಚರ್ಯವಾಗುತ್ತದೆ. ಆಗ ರಾಜಪುತ್ರನು ತಾನೊಬ್ಬ ವತ್ಸದೇಶದ ಬ್ರಾಹ್ಮಣನೆಂದೂ, ತನ್ನನ್ನು ಮೋಹಿಸಿದ ಯಕ್ಷಿಯೊಬ್ಬಳು ಮುನಿಸಿಕೊಂಡು ಇಲ್ಲಿ ಬಿಸುಟು ಹೋದಳೆಂದೂ ಸುಳ್ಳು ಹೇಳುತ್ತಾನೆ. ಊರಿನವರು ಅವನಿಗೆ ಯಕ್ಷೀಕಾಮುಕನೆಂದೇ ಹೆಸರಿಡುತ್ತಾರೆ. ಊರು ಅಂಗದೇಶದ ಚಂಪಾನಗರ. ಅಲ್ಲಿ ಸೆಟ್ಟಿಗಳಿಂದ ಹಿಡಿದು ಬಂಡಿ ಹೊಡೆಯುವವರವರೆಗೆ ಎಲ್ಲರ ಕೈಯಲ್ಲಿಯೂ ವೀಣೆ. ಕಾರಣವಿಷ್ಟೆ: ಸಾನುದಾಸನೆಂಬ ಶ್ರೇಷ್ಠಿಯ ಮಗಳು ಗಂಧರ್ವದತ್ತೆಯು ತನ್ನ ಹಾಡಿಗೆ ವೀಣೆಯಲ್ಲಿ ಅನುವಾದನ ಮಾಡಬಲ್ಲವನನ್ನೇ ವರಿಸುವಳಂತೆ.

ಇಲ್ಲಿಯವರೆಗೆ ಇದು ವೇಷಮರೆಸಿದ ರಾಜಕುಮಾರನ ಸಾಮಾನ್ಯ ಕಥೆ. ಮುಂದಿನದೂ ಅಷ್ಟೇ ಎಂದು ಭಾವಿಸುವವರುಂಟು: ವಿದ್ಯೆಯನ್ನು ಮರೆಸುವುದು, ಪರಿಹಾಸಕ್ಕೆ ಗುರಿಯಾಗುವುದು, ಕಡೆಗೆ ಸಭೆಯಲ್ಲಿ ಗೆಲ್ಲುವುದು, ಇವೆಲ್ಲ ಜನಪದಕಥೆಯ ಹಳೆಯ ಉಪಾಯಗಳೆಂಬುದು ಅವರ ಮತ. ಉಪಾಯವು ಹಳೆಯದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಕವಿಯು ಅದರಿಂದ ಏನನ್ನು ಸಾಧಿಸಿದನೆಂಬುದು ಬೇರೆಯೇ ಪ್ರಶ್ನೆ. ಬುಧಸ್ವಾಮಿಯು ಚಿತ್ರಿಸಿರುವುದು ವೇಷವನ್ನಲ್ಲ, ಒಂದು ಸ್ವಭಾವವನ್ನು. ವಿದ್ಯೆಯು ಪೂರ್ಣವಾಗಿದ್ದು, ಆ ವಿದ್ಯೆಯೊಡನೆ ನಾಲ್ವರ ನಡುವೆ ಬಾಳುವುದನ್ನು ಇನ್ನೂ ಕಲಿಯದ ತರುಣನ ಸ್ವಭಾವವದು.

ಇವನಿಗೆ ವೀಣೆಯು ಬಂದುದು ತಂದೆಯಿಂದ. ಉದಯನನು ತನ್ನ ಘೋಷವತಿಯ ನಾದದಿಂದ ಮದಗಜಗಳನ್ನು ಪಳಗಿಸಿದವನು. ವಾಸವದತ್ತೆಗೆ ವೀಣೆಯನ್ನು ಕಲಿಸುತ್ತ ಅವಳನ್ನೇ ಪಡೆದವನು. ಅಂಥ ಮನೆಯಲ್ಲಿ ಹುಟ್ಟಿದವನು ಅರಮನೆಯಲ್ಲಿ ನುಡಿಸಿದಾಗ ಅಲ್ಲವೆನ್ನುವವರು ಯಾರು? ತನಗಿಂತ ಕೆಳಗಿನವರ ನಡುವೆ ಕುಳಿತು ನುಡಿಸಬೇಕಾದ ಪ್ರಸಕ್ತಿಯೇ ಅವನಿಗೆ ಬಂದಿರಲಿಲ್ಲ. ಚಂಪೆಯ ಬೀದಿಯಲ್ಲಿ ಅಪಸ್ವರಗಳು ಕಿವಿಗೆ ಬಿದ್ದಾಗ ಅವನು ತಿದ್ದುವುದಿಲ್ಲ, ಕಿವಿ ಮುಚ್ಚಿಕೊಳ್ಳುವುದೂ ಇಲ್ಲ, ಒಳಗೊಳಗೇ ನಗುತ್ತಾನೆ. ಈ ನಗೆಯೇ ಪ್ರಕರಣದ ಬೀಜ. ಕಥೆಯನ್ನು ಹೇಳುತ್ತಿರುವವನು ನರವಾಹನದತ್ತನೇ. ವಿದ್ಯಾಧರ ಚಕ್ರವರ್ತಿಯಾದ ಮೇಲೆ, ಕಾಶ್ಯಪಾಶ್ರಮದ ಋಷಿಗಳ ಮುಂದೆ. ಹಾಗಾಗಿ ನಕ್ಕ ತರುಣನು ಬೇರೆ, ಆ ನಗೆಯನ್ನು ಈಗ ವರ್ಣಿಸುತ್ತಿರುವ ಪ್ರೌಢನು ಬೇರೆ. ಚಕ್ರವರ್ತಿಯು ತನ್ನ ಎಳೆತನದ ಬಿಂಕವನ್ನು ಮುಚ್ಚಿಡದೆ ಮುನಿಗಳಿಗೆ ಅರುಹುತ್ತಿದ್ದಾನೆಂಬುದನ್ನು ಮರೆತು ಓದಿದರೆ ಈ ಸರ್ಗಗಳ ಹಾಸ್ಯವು ಅರ್ಧಕ್ಕರ್ಧ ನಷ್ಟವಾಗುತ್ತದೆ.

ದತ್ತಕನು ಅತಿಥಿಗೆ ವೀಣೆಯನ್ನು ಕಲಿಸಲು ಭೂತಿಕನೆಂಬ ಆಚಾರ್ಯನನ್ನು ಕರೆಸುತ್ತಾನೆ. ಆತನು ವಿಕಾರರೂಪನು. ಈ ವಿಕಾರವನ್ನು ಕವಿಯು ಬೇಕಾದುದಕ್ಕಿಂತ ಹೆಚ್ಚಾಗಿ ಬಣ್ಣಿಸಿದ್ದಾನೆಂದು ಹೇಳದೆ ಉಪಾಯವಿಲ್ಲ. ರೂಪವನ್ನು ಹಳಿದು ವಿದ್ಯೆಯನ್ನು ಹಳಿದಂತೆ ಮಾಡುವುದು ಒಳ್ಳೆಯ ಹಾಸ್ಯವಲ್ಲ. ಬಂಡಿಕಾರರ ಕೈಯ ವೀಣೆಯನ್ನು ಕುರಿತ ಪರಿಹಾಸದಲ್ಲಿಯೂ ಇಂಥದೇ ಒಂದು ಒರಟುತನವಿದೆ. ದುಡಿಯುವವನು ಸಂಜೆ ತಂತಿ ಮೀಟಿದರೆ ನಗರಕ್ಕೆ ಅವಮಾನವಾಯಿತೇನು? ಅದು ಹಾಗಿರಲಿ. ಪಾಠಕ್ಕೆ ಕುಳಿತ ರಾಜಪುತ್ರನು ಏನೂ ಅರಿಯದವನಂತೆ ವೀಣೆಯನ್ನು ಎಳೆದಾಡಿ ತಂತಿಗಳನ್ನು ಕಡಿದುಹಾಕುತ್ತಾನೆ. ಆಚಾರ್ಯನು ಸಿಡಿಮಿಡಿಗೊಳ್ಳುತ್ತಾನೆ. ಶಿಷ್ಯನ ಅಜ್ಞಾನವು ನಟನೆ. ಆದರೆ ಗುರುವಿನ ವಿಷಯದಲ್ಲಿ ಅವನಿಗಿರುವ ಅನಾದರವು ನಟನೆಯಲ್ಲ. ಈ ಎರಡನ್ನೂ ಒಂದೇ ಕ್ರಿಯೆಯಲ್ಲಿ ತೋರಿಸಿರುವುದು ಕವಿಯ ಜಾಣ್ಮೆ. ವಾಕ್ಯಾರ್ಥಸಭೆಗಳಲ್ಲಿ ಉತ್ತರವನ್ನು ಬಲ್ಲ ವಿದ್ಯಾರ್ಥಿಯೊಬ್ಬನು, ಕೇಳಿದವರು ತನಗೆ ಸಮಾನರಲ್ಲವೆಂದು ಬಾಯಿಬಿಡದೆ ಕುಳಿತಿರುವುದುಂಟು. ನೋಡಿದವರು ಅದನ್ನು ವಿನಯವೆಂದೇ ತಿಳಿಯುತ್ತಾರೆ. ಅಂಥವರನ್ನು ಕಂಡವರಿಗೆ ಈ ತಂತಿಗಳು ಏಕೆ ಹರಿದವೆಂಬುದಕ್ಕೆ ವ್ಯಾಖ್ಯಾನವು ಬೇಕಾಗದು.

ಇನ್ನು ರಾತ್ರಿಯ ಸನ್ನಿವೇಶ. ನಮ್ಮ ದೃಷ್ಟಿಯಲ್ಲಿ ಪ್ರಕರಣದ ಹೃದಯವೇ ಇದು. ಮನೆಯವರೆಲ್ಲ ಮಲಗಿದ ಮೇಲೆ ಅವನು ವೀಣೆಯನ್ನು ಕೈಗೆತ್ತಿಕೊಂಡು ಮೆಲ್ಲನೆ ನುಡಿಸುತ್ತಾನೆ. ನಾದವನ್ನು ಕೇಳಿ ಮನೆಯವರು ಎಚ್ಚತ್ತು ಬೆರಗಾಗಿ ಬರುತ್ತಾರೆ. ಅಷ್ಟರಲ್ಲಿ ಅವನು ವೀಣೆಯನ್ನಿಟ್ಟು, ನಿದ್ರೆಯಲ್ಲಿರುವವನಂತೆ ನಟಿಸಿ ಮಲಗಿಬಿಡುತ್ತಾನೆ. ಏಕೆ? ಗುಟ್ಟು ಹೊರಬೀಳದಿರಲೆಂದು ಎಂಬುದು ಮೇಲುನೋಟದ ಸಮಾಧಾನ. ಗುಟ್ಟನ್ನು ಕಾಯುವುದೇ ಮುಖ್ಯವಾಗಿದ್ದರೆ ನುಡಿಸದೆಯೇ ಇರಬಹುದಾಗಿತ್ತಷ್ಟೆ! ನುಡಿಸದೆ ಇರಲಾರನು, ಕೇಳಿಸಿಕೊಳ್ಳುವವರು ಬಂದರೆ ಸಹಿಸಲಾರನು. ನಾಡನ್ನೂ ಬಂಧುಗಳನ್ನೂ ಕಳೆದುಕೊಂಡವನಿಗೆ ಉಳಿದಿರುವ ಒಡವೆಯೆಂದರೆ ತಂದೆಯಿಂದ ಬಂದ ಈ ವಿದ್ಯೆಯೊಂದೇ. ಅದನ್ನು ಪರರ ಮುಂದೆ ತೆರೆಯಲು ಅವನಿಗೆ ಗರ್ವವೂ ಅಡ್ಡ, ಸಂಕೋಚವೂ ಅಡ್ಡ. ದಿನವೆಲ್ಲ ಅರಸಿಕರೆಂದು ನಕ್ಕ ಆ ಜನವೇ ನಿದ್ದೆಗಣ್ಣಿನಲ್ಲಿ ಎದ್ದು ಬಂದು ಕತ್ತಲಲ್ಲಿ ಬೆರಗಾಗಿ ನಿಂತಿದೆ! ಅರಸಿಕರಿಗೆ ಇದು ಸಾಧ್ಯವೇ? ನಾಯಕನ ತೀರ್ಪು ತಪ್ಪೆಂಬುದಕ್ಕೆ ಕವಿಯು ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಕೊಡಬೇಕಾಗಿಲ್ಲ.

ಕಥಾಸರಿತ್ಸಾಗರದಲ್ಲಿ ಈ ರಾತ್ರಿಯೂ ಇಲ್ಲ, ಭೂತಿಕನೂ ಇಲ್ಲ. ಅಲ್ಲಿ ಗಂಧರ್ವದತ್ತೆಯು ಸಾಗರದತ್ತನೆಂಬ ರಾಜನ ಮಗಳು. ನಾಯಕನು ಸಭೆಗೆ ಬರುತ್ತಾನೆ, ತಂತಿಯಲ್ಲಿ ಕೂದಲಿದೆಯೆಂದು ತೋರಿಸುತ್ತಾನೆ, ವಿಷ್ಣುಸ್ತುತಿಯನ್ನು ನುಡಿಸಿ ಗೆಲ್ಲುತ್ತಾನೆ. ಸೋಮದೇವನ ಶೈಲಿಯು ಲಲಿತವೆಂಬುದರಲ್ಲಿ ಸಂಶಯವಿಲ್ಲ; ಆದರೆ ಇಲ್ಲಿ ಅವನ ಕೈಗೆ ಸಿಕ್ಕಿರುವುದು ಬರಿಯ ಸೋಗೆ, ಕಬ್ಬು ಬುಧಸ್ವಾಮಿಯಲ್ಲಿ ಉಳಿದಿದೆ. ಸಂಘದಾಸಗಣಿಯ ಪ್ರಾಕೃತ ವಸುದೇವಹಿಂಡಿಯನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಆ ಗ್ರಂಥವು ಬೃಹತ್ಕಥೆಯ ಜೈನರೂಪವೆಂದು ಜರ್ಮನಿಯ ಆಲ್ಸ್‌ಡೋರ್ಫ್ ಪಂಡಿತನು ಕಳೆದ ಶತಮಾನದ ನಾಲ್ಕನೆಯ ದಶಕದಲ್ಲಿ ತೋರಿಸಿಕೊಟ್ಟನು. ಅಲ್ಲಿ ನರವಾಹನದತ್ತನ ಸ್ಥಾನದಲ್ಲಿ ಕೃಷ್ಣನ ತಂದೆ ವಸುದೇವನಿದ್ದಾನೆ. ಅವನೂ ಚಂಪೆಗೆ ಬಂದು ಮೂಢನಂತೆ ಸಂಗೀತಾಚಾರ್ಯನ ಬಳಿ ಸೇರುತ್ತಾನೆ. ಗುರುವು ಒಲ್ಲೆನೆಂದಾಗ ಗುರುಪತ್ನಿಗೆ ಒಡವೆಯನ್ನಿತ್ತು ಒಳಗೆ ಸೇರುತ್ತಾನೆ. ಅವನೂ ತಂತಿ ಹರಿಯುತ್ತಾನೆ. ಆದುದರಿಂದ ಶಿಷ್ಯವೃತ್ತಿಯ ಭಾಗವು ಮೂಲದಲ್ಲಿಯೇ ಇದ್ದಿತೆಂದೂ, ಕಾಶ್ಮೀರದ ಪರಂಪರೆಯು ಅದನ್ನು ಕೈಬಿಟ್ಟಿತೆಂದೂ ನಿರ್ಣಯಿಸುವುದು ಯುಕ್ತವಾಗಿದೆ.

ಸಭೆಯ ಭಾಗದಲ್ಲಿ ವಿದ್ವಾಂಸರು ಗಮನಿಸಬೇಕಾದುದು ಎರಡು. ಮೊದಲನೆಯದು ವೀಣಾದೋಷಗಳು. ತಂದಿತ್ತ ಒಂದು ವೀಣೆಯನ್ನು ಒಳಗೆ ಜೇಡರಬಲೆ ಕಟ್ಟಿದೆಯೆಂದೂ, ಇನ್ನೊಂದನ್ನು ತಂತಿಯಲ್ಲಿ ಕೂದಲು ಸೇರಿದೆಯೆಂದೂ ನಾಯಕನು ಒಲ್ಲೆನೆನ್ನುತ್ತಾನೆ. ವಸುದೇವಹಿಂಡಿಯಲ್ಲಿ ಕೂದಲಿನ ಜೊತೆಗೆ, ಕಾಳ್ಗಿಚ್ಚಿನಲ್ಲಿ ಬೆಂದ ಮರ, ನೀರಿನಲ್ಲಿ ಮುಳುಗಿದ್ದ ಮರ ಎಂಬ ದೋಷಗಳು ಬರುತ್ತವೆ. ಇದು ಕೇವಲ ಪಾಂಡಿತ್ಯಪ್ರದರ್ಶನವೆಂದು ನಮಗೆ ತೋರುವುದಿಲ್ಲ. ಬೀದಿಯಲ್ಲಿ ದೋಷವನ್ನು ಕೇಳಿ ಮನಸ್ಸಿನಲ್ಲಿಯೇ ನಕ್ಕವನು ಇಲ್ಲಿ ದೋಷವನ್ನು ಬಾಯಿಬಿಟ್ಟು ಹೇಳುತ್ತಾನೆ. ಸಭೆಯವರು ಪರೀಕ್ಷಿಸಿ ಕಣ್ಣಾರೆ ನೋಡಬಹುದಾದ ರೀತಿಯಲ್ಲಿ ಹೇಳುತ್ತಾನೆ. ವಿದ್ಯೆಯು ಮೊದಲಬಾರಿಗೆ ಹಂಚಿಕೊಳ್ಳುವ ವಸ್ತುವಾಯಿತು. ಅದೂ ದೋಷವನ್ನು ವೀಣೆಯ ಮೇಲೆ ಹೇಳಿದನೇ ಹೊರತು ನುಡಿಸುವವರ ಮೇಲಲ್ಲ.

ಎರಡನೆಯದು ಪಣದ ಸ್ವರೂಪ. ಅವಳಿಗಿಂತ ಮಿಗಿಲಾಗಿ ನುಡಿಸಬೇಕೆಂದು ಪಣವಿಲ್ಲ. ಅವಳು ಹಾಡಿದುದನ್ನು ವೀಣೆಯು ಅನುಸರಿಸಬೇಕು. ಹಾಡಿನೊಡನೆ ವೀಣೆಯು ನಡೆಯುವ ರೀತಿಗಳನ್ನು ಭರತನು ತತ್ತ್ವ, ಅನುಗತ, ಓಘ ಎಂದು ಮೂರಾಗಿ ವಿಭಾಗಿಸಿದ್ದಾನೆ. ಓಘವೆಂದರೆ ಹಾಡಿನ ಅರ್ಥವನ್ನು ಅಪೇಕ್ಷಿಸದೆ ತನ್ನಷ್ಟಕ್ಕೆ ವೇಗವಾಗಿ ಪ್ರವಹಿಸುವ ವಾದನ. ಅನುಗತವೆಂದರೆ ಹೆಸರೇ ಹೇಳುವಂತೆ ಗೀತವನ್ನು ಹಿಂಬಾಲಿಸುವುದು. ಅರಮನೆಯ ಒಂಟಿ ವೀಣೆಗಾರನಿಗೆ ಓಘವು ಸುಲಭ. ಅವನ ಬಾಳೂ ಅಲ್ಲಿಯವರೆಗೆ ಓಘದಂತೆಯೇ ಹರಿದಿತ್ತು. ಚಂಪೆಯ ಸಭೆಯಲ್ಲಿ ಅವನಿಂದ ಬೇಡಿದುದು ಅನುಗತ. ಬುಧಸ್ವಾಮಿಯು ಈ ಪರಿಭಾಷೆಯನ್ನು ಮನಸ್ಸಿನಲ್ಲಿಟ್ಟೇ ಬರೆದನೆಂದು ನಾವು ಸಾಧಿಸಹೊರಟಿಲ್ಲ; ಪಣದ ನಿಯಮಕ್ಕೂ ಪಾತ್ರದ ಕೊರತೆಗೂ ಇರುವ ಹೊಂದಿಕೆಯು ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲವೆಂದಷ್ಟೇ ಹೇಳುತ್ತೇವೆ.

ಅವಳು ಹಾಡಿದುದು ನಾರಾಯಣಸ್ತುತಿ. ತ್ರಿವಿಕ್ರಮನು ಮೂರು ಹೆಜ್ಜೆಗಳನ್ನಿಟ್ಟಾಗ ವಿಶ್ವಾವಸುವೆಂಬ ಗಂಧರ್ವನು ಹಾಡಿದ ಈ ಸ್ತುತಿಯು ನಾರದಾದಿಗಳಿಂದ ಅರ್ಜುನನಿಗೂ, ಅರ್ಜುನನಿಂದ ವಿರಾಟನ ಮಗಳು ಉತ್ತರೆಗೂ, ಮುಂದೆ ವಂಶಕ್ರಮದಿಂದ ಉದಯನನಿಗೂ ಬಂದು ತನಗೆ ದೊರೆಯಿತೆಂದು ನಾಯಕನು ನೆನೆಯುತ್ತಾನೆ. ಈ ಪರಂಪರೆಯಲ್ಲಿ ಬೃಹನ್ನಳೆಯ ಪ್ರಸಂಗವು ಸೇರಿರುವುದನ್ನು ನೋಡಬೇಕು. ಅರ್ಜುನನೂ ಪರರ ಊರಿನಲ್ಲಿ ತನ್ನನ್ನು ಮರೆಸಿಕೊಂಡು ಇದ್ದವನೇ. ಆದರೆ ಅವನು ಮರೆಸಿದುದು ಬಿಲ್ಲನ್ನು, ಸಂಗೀತವನ್ನಲ್ಲ. ವಿರಾಟನ ಅಂತಃಪುರದಲ್ಲಿ ಹೆಣ್ಣುಮಕ್ಕಳಿಗೆ ಹಾಡನ್ನೂ ಕುಣಿತವನ್ನೂ ಕಲಿಸುತ್ತ ವರ್ಷವನ್ನು ಕಳೆದನು. ಅಂದು ಅವನು ಕಲಿಸದೆ ಮಲಗಿಬಿಟ್ಟಿದ್ದರೆ ಈ ಗೀತವು ನರವಾಹನದತ್ತನ ಕಿವಿಗೆ ಬೀಳುತ್ತಿರಲಿಲ್ಲ.

ನಾಗರಕರ ಗೋಷ್ಠಿಯೆಂಬುದು ಏನೆಂದು ವಾತ್ಸ್ಯಾಯನನು ಕಾಮಸೂತ್ರದ ನಾಗರಕವೃತ್ತದಲ್ಲಿ ವಿವರಿಸಿದ್ದಾನೆ. ಮನೆಯ ಗೂಟದಲ್ಲಿ ವೀಣೆ ತೂಗುತ್ತಿರಬೇಕೆಂದವನೂ ಅವನೇ. ಗೋಷ್ಠಿಯಲ್ಲಿ ಅತಿಯಾಗಿ ಸಂಸ್ಕೃತವನ್ನೂ ಅತಿಯಾಗಿ ದೇಶಭಾಷೆಯನ್ನೂ ಆಡದವನೇ ಲೋಕಮಾನ್ಯನಾಗುವನೆಂದವನೂ ಅವನೇ. ಆ ಹದವನ್ನು ವೀಣಾದತ್ತಕನು ಬಲ್ಲನು. ಅವನು ಮಹಾವಾದಕನಲ್ಲ, ಆದರೆ ಹೆಸರು ಕುಲಗಳರಿಯದ ಅತಿಥಿಗೆ ಅನ್ನವಿಕ್ಕಿ, ಗುರುವನ್ನು ಒದಗಿಸಿ, ತನ್ನ ಗೆಳೆಯರ ಪರಿಹಾಸಕ್ಕೆ ಅಂಜದೆ ಸಭೆಗೆ ಕರೆದೊಯ್ದವನು. ವಿಮರ್ಶಕರು ಸಾನುದಾಸನ ಸಮುದ್ರಯಾನದ ಕಥೆಗೆ, ಅಂದರೆ ದೀರ್ಘವಾದ ಹದಿನೆಂಟನೆಯ ಸರ್ಗಕ್ಕೆ, ಕೊಟ್ಟಿರುವ ಗಮನದಲ್ಲಿ ಹತ್ತರಲ್ಲೊಂದು ಪಾಲನ್ನೂ ಈ ದತ್ತಕನಿಗೆ ಕೊಟ್ಟಿಲ್ಲ. ಇದು ನಮಗೆ ನ್ಯಾಯವಾಗಿ ಕಾಣುವುದಿಲ್ಲ.

ನಮ್ಮ ಜೈನಕವಿಗಳಲ್ಲಿಯೂ ಈ ಕಥೆಯ ಎಳೆಗಳಿವೆ. 783ರಲ್ಲಿ ಸಂಸ್ಕೃತ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನು ಗಂಧರ್ವಸೇನೆಯ ಪ್ರಕರಣದಲ್ಲಿ ಸಂಗೀತಶಾಸ್ತ್ರವನ್ನೇ ವಿಸ್ತಾರವಾಗಿ ತುಂಬಿದ್ದಾನೆ. ಶಾಸ್ತ್ರವು ಬೆಳೆದಷ್ಟೂ ನಾಯಕನು ಮರೆಯಾಗಿದ್ದಾನೆ. 1424ರಲ್ಲಿ ಭಾಮಿನೀಷಟ್ಪದಿಯಲ್ಲಿ ಜೀವಂಧರಚರಿತೆಯನ್ನು ರಚಿಸಿದ ಭಾಸ್ಕರನಲ್ಲಿ ಗಂಧರ್ವದತ್ತೆಯ ವೀಣಾಸ್ಪರ್ಧೆಯು ಬರುತ್ತದೆ. ಆದರೆ ಜೀವಂಧರನು ವೈಶ್ಯನ ಮನೆಯಲ್ಲಿ, ಊರ ಹುಡುಗರ ನಡುವೆಯೇ ಬೆಳೆದವನಾದುದರಿಂದ ಅವನಿಗೆ ಈ ಪಾಠದ ಅಗತ್ಯವೇ ಇಲ್ಲ. ಕರ್ಣಪಾರ್ಯ, ಬಂಧುವರ್ಮ ಮೊದಲಾದವರು ವಸುದೇವನ ವೃತ್ತಾಂತವನ್ನು ನಿರ್ವಹಿಸಿರುವ ಕ್ರಮವನ್ನು ವಸುದೇವಹಿಂಡಿಯ ಪಕ್ಕದಲ್ಲಿಟ್ಟು ಪದ್ಯಪದ್ಯವಾಗಿ ಹೋಲಿಸಿ ನೋಡುವ ಕೆಲಸವನ್ನು ಪ್ರಾಕೃತವನ್ನೂ ಹಳಗನ್ನಡವನ್ನೂ ಸಮವಾಗಿ ಬಲ್ಲ ತರುಣರು ಕೈಕೊಳ್ಳಬೇಕು. ಮುಖ್ಯವಾಗಿ ನೋಡಬೇಕಾದುದು, ತಂತಿ ಹರಿಯುವ ಆ ಶಿಷ್ಯನನ್ನು ಕನ್ನಡಕವಿಗಳು ಉಳಿಸಿಕೊಂಡರೋ ಬಿಟ್ಟರೋ ಎಂಬುದನ್ನು.