ಬಾಯಿಬೀಗ ತೆಗೆದ ಮೇಲೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಗಡಿಸೀಮೆಯಲ್ಲಿ ತಮಿಳು, ತೆಲುಗು ನೆರೆಯ ಆಚರಣೆಗಳೊಡನೆ ಬೆರೆತು ಬೆಳೆದಿರುವ ಹರಕೆಗಳಲ್ಲಿ ಬಾಯಿಬೀಗವೂ ಒಂದು. ಊರದೇವತೆಯ ಜಾತ್ರೆಯಲ್ಲಾಗಲಿ, ಆಡಿ ಕೃತ್ತಿಕೆಯ ಕಾವಡಿ ಮೆರವಣಿಗೆಯಲ್ಲಾಗಲಿ, ಕೆನ್ನೆಗೋ ನಾಲಗೆಗೋ ಲೋಹದ ಸರಳನ್ನು ಹಾಯಿಸಿಕೊಂಡ ಭಕ್ತರು ಮಾತು ತೊರೆದು ದೇವರ ಮುಂದೆ ನಡೆಯುತ್ತಾರೆ. ಚುಚ್ಚುವವರ ಕೈಚಳಕವನ್ನು ಎಲ್ಲರೂ ಮೆಚ್ಚುತ್ತಾರೆ, ಆದರೆ ಅದಕ್ಕಿಂತ ಹೆಚ್ಚಿನ ಹದವನ್ನು ಬೇಡುವ ಕೆಲಸ ಸರಳನ್ನು ತೆಗೆಯುವುದು.

ಸರಳನ್ನು ಹಿಂದಕ್ಕೆ ಎಳೆಯುವಾಗ, ಅಷ್ಟು ಹೊತ್ತು ದೂಳು, ಬೆವರು, ಕುಂಕುಮ ಹಾಗೂ ತುದಿಗೆ ಸಿಕ್ಕಿಸಿದ ನಿಂಬೆಹಣ್ಣಿನ ರಸ ತಗುಲಿದ್ದ ಅದರ ಹೊರಭಾಗವೇ ಗಾಯದೊಳಗಿಂದ ಹಾದು ಬರುತ್ತದೆ. ಆದ್ದರಿಂದ ತುದಿಯ ನಿಂಬೆಹಣ್ಣನ್ನು ಕಳಚಿ, ಸೋಪಿನಿಂದ ಕೈ ತೊಳೆದು, ನಂಜುನಿರೋಧಕ ದ್ರಾವಣದಲ್ಲಿ ಅದ್ದಿದ ಶುದ್ಧ ಗಾಜ್ (gauze) ಬಟ್ಟೆಯಿಂದ ಆ ಭಾಗವನ್ನು ಒರೆಸಿದ ಬಳಿಕವೇ, ಹೊಕ್ಕ ದಾರಿಯಲ್ಲೇ ತಿರುಚದೆ ನೇರವಾಗಿ ಹೊರಗೆಳೆಯಬೇಕು. ಅನಂತರ ಗಾಯವನ್ನು ಸುಮಾರು 10 ನಿಮಿಷ ನಡುವೆ ಬಿಡದೆ ಒತ್ತಿಹಿಡಿಯಬೇಕು. ಸರಳು ಸಿಕ್ಕಿಕೊಂಡರೆ ಬಲವಂತ ಸಲ್ಲದು, ಏಕೆಂದರೆ ನಾಲಗೆಯ ಅಡಿಯಲ್ಲಿ ದೊಡ್ಡ ರಕ್ತನಾಳಗಳಿವೆ, ಕೆನ್ನೆಯೊಳಗೆ ಜೊಲ್ಲನ್ನು ತರುವ ನಾಳ ಮೇಲ್ದವಡೆಯ ಎರಡನೆಯ ಕಡೆಹಲ್ಲಿನ ಎದುರಿಗೆ ತೆರೆಯುತ್ತದೆ. ಅಂತಹ ಸಂದರ್ಭದಲ್ಲಿ ಸರಳನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯುವುದು ಕ್ಷೇಮ.

ರಂಧ್ರಕ್ಕೆ ವಿಭೂತಿ ಅಥವಾ ಅರಿಶಿನ ತುಂಬುವ ಪದ್ಧತಿಯನ್ನು ಮಾತ್ರ ನಿಲ್ಲಿಸಲೇಬೇಕು. ಧನುರ್ವಾಯುವಿನ ರೋಗಾಣುವಿನ ಬೀಜಕಗಳು, ಅಂದರೆ ಪ್ರತಿಕೂಲ ಸ್ಥಿತಿಯಲ್ಲೂ ಸಾಯದೆ ಉಳಿಯುವ ಅದರ ಗಟ್ಟಿ ರೂಪಗಳು, ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತವೆ, ಇಂತಹ ಪುಡಿಗಳೊಡನೆ ಗಾಯ ಸೇರಬಹುದು. ಪ್ರಸಾದವನ್ನು ಹಣೆಗೆ ಹಚ್ಚಿಕೊಂಡರೆ ಹರಕೆಗೆ ಯಾವ ಕೊರತೆಯೂ ಆಗದು. ಒಬ್ಬರಿಗೆ ಬಳಸಿದ ಸರಳನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಎಚ್‌ಐವಿ ಹರಡಬಹುದು. ಕೊನೆಯ ಧನುರ್ವಾಯು ಲಸಿಕೆ ಪಡೆದು 5 ವರ್ಷ ಮೀರಿದ್ದರೆ, ಈಗ ಟಿ.ಡಿ. ಎಂಬ ಹೆಸರಿನಲ್ಲಿ ದೊರೆಯುವ ಚುಚ್ಚುಮದ್ದಿನ ಅಗತ್ಯವನ್ನು ವೈದ್ಯರಲ್ಲಿ ವಿಚಾರಿಸಬೇಕು.

ಮನೆಯ ಆರೈಕೆ ಸರಳವಾದುದು: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಪ್ರತಿ ಊಟದ ಬಳಿಕ ಬಾಯಿ ಮುಕ್ಕಳಿಸಬೇಕು. ಆ ನೀರನ್ನು ಮೊದಲು ಕುದಿಸಿ ಆರಿಸಿಕೊಂಡರೆ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಈ ಜಿಲ್ಲೆಯ ಕೊಳವೆಬಾವಿಗಳಲ್ಲಿ ಪರಿಚಿತವಾದ ಫ್ಲೋರೈಡ್ ಕುದಿಸಿದರೂ ಹೋಗುವುದಿಲ್ಲವಾದರೂ, ಉಗಿದುಬಿಡುವ ನೀರಿನಲ್ಲಿ ಅದು ಚಿಂತೆಯ ವಿಷಯವಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಅದು ತೊಂದರೆ ಕೊಡದು, ಆದರೆ ಜೊತೆಗಿನ ಬಸ್ಸಾರಿನ ಖಾರ ಗಾಯವನ್ನು ಉರಿಸುತ್ತದೆ. ಆರಿಸಿದ ರಾಗಿ ಅಂಬಲಿ, ಮೊಸರನ್ನ ಹಿತಕರ. ಶ್ರೀನಿವಾಸಪುರದ ಮಾವಿನಕಾಯಿಯ ಹುಳಿಯನ್ನು ಗಾಯ ಮಾಯುವವರೆಗೆ ದೂರವಿಡಬೇಕು, ಎಲೆಅಡಿಕೆಯೊಡನೆ ತಂಬಾಕಿನ ಕಡ್ಡಿಪುಡಿಯನ್ನು ಕೆನ್ನೆಯಲ್ಲಿ ಒತ್ತಿಡುವ ಅಭ್ಯಾಸವನ್ನು ಎಂದೆಂದಿಗೂ ಬಿಡಬೇಕು.

ನಾಲಗೆ, ತುಟಿಗಳಿಗೆ ಆಭರಣ ಧರಿಸುವ ಯುವಜನರಿಗೆ ನಿಯಮ ತುಸು ಬೇರೆ: ರಂಧ್ರದಲ್ಲಿ ಕೀವು ತುಂಬಿರುವಾಗ ಆಭರಣವನ್ನು ತಾವಾಗಿ ತೆಗೆದರೆ ರಂಧ್ರವೇ ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದಾದ್ದರಿಂದ, ಮೊದಲು ವೈದ್ಯರಿಗೆ ತೋರಿಸಬೇಕು. ಹೃದಯದ ಕವಾಟದ ಕಾಯಿಲೆಯುಳ್ಳವರು ಹರಕೆ ಹೊರುವ ಮೊದಲೇ ವೈದ್ಯರನ್ನು ಕೇಳುವುದು ಅಗತ್ಯ. ನಿಲ್ಲದ ರಕ್ತಸ್ರಾವ, ಜ್ವರ, ದವಡೆ ಬಿಗಿತ, ಗದ್ದದಡಿಯ ಊತ, ನುಂಗಲು ಅಥವಾ ಉಸಿರಾಡಲು ಕಷ್ಟ ಕಂಡರೆ ಬೆಳಗಾಗುವವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೋ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಹೊರಡಬೇಕು.